ಕಣ್ಣು ಕಾಣುವಾಗಲೇ ಕಣ್ಣು ತೋರಿಸಿ

ಮಧುಗಿರಿ ಎಂಬ ಹೆಸರಿನಲ್ಲಿಯೇ ಜೇನಿದೆ. ಆ ಏಕಶಿಲೆಯ ಬೆಟ್ಟದ ಮೈಯಲ್ಲಿ ಹಿಂದೆ ಜೇನು ಕಟ್ಟುತ್ತಿದ್ದುದರಿಂದ ಊರಿಗೆ ಆ ಹೆಸರು ಬಂದಿತೆಂದು ಹೇಳುವುದುಂಟು. ಅದೇ 'ಮಧು' ಎಂಬ ಮಾತು ಇಂದು ಇನ್ನೊಂದು ಪದದ ತಲೆಯಲ್ಲಿ ನಿಂತು ಮನೆಮನೆಯಲ್ಲಿಯೂ ಕೇಳಿಬರುತ್ತಿದೆ. ಅದು ಮಧುಮೇಹ. ನಮ್ಮ ಅಜ್ಜಂದಿರು ಅದನ್ನು ಸಿಹಿಮೂತ್ರದ ರೋಗ ಎನ್ನುತ್ತಿದ್ದರು. ಅನಂತರ ಸಕ್ಕರೆ ಕಾಯಿಲೆ ಎಂಬ ಹೆಸರಾಯಿತು. ಈಗ ಎಲ್ಲರ ಬಾಯಲ್ಲಿಯೂ ಬರಿಯ 'ಶುಗರು'. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಕೂಡಿ ತುಮಕೂರು ಜಿಲ್ಲೆಯ ಮಧುಗಿರಿ ಉಪವಿಭಾಗವಾಗಿದೆ. ಮಳೆ ಕಡಮೆಯಾದ ಬಯಲುಸೀಮೆ. ರಾಗಿ ಕಡಲೆಕಾಯಿ ಬೆಳೆದು, ಬೆವರು ಸುರಿಸಿ ಬಾಳಿದ ಜನ. ಶುಗರೆಂಬುದು ಪಟ್ಟಣದಲ್ಲಿ ಕುಳಿತು ಉಣ್ಣುವವರ ರೋಗ, ನಮ್ಮಂಥವರಿಗಲ್ಲ, ಎಂದು ಹೇಳುತ್ತಿದ್ದ ಕಾಲವೊಂದಿತ್ತು. ಆ ಕಾಲ ಹೋಯಿತು.

ಈ ರೋಗ ಕಣ್ಣಿಗೆ ಮಾಡುವ ಕೇಡು ಯಾವುದು, ಅದನ್ನು ಮೊದಲಿನಲ್ಲಿಯೇ ಕಂಡುಹಿಡಿಯಲು ಬಂದಿರುವ ಹೊಸ ಯಂತ್ರ ಎಂಥದು, ಯಂತ್ರ ಕಂಡುಹಿಡಿದ ಮೇಲೆ ನಮ್ಮ ಪಾಲಿಗೆ ಉಳಿಯುವ ಕೆಲಸವೇನು, ಈ ಮೂರನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಕಣ್ಣಿನ ಕಾಯಿಲೆ ಎಂದೊಡನೆ ನಮ್ಮ ಹಿರಿಯರಿಗೆ ನೆನಪಾಗುವುದು ಪೊರೆ. ಪೊರೆ ಎಂದೊಡನೆ ನೆನಪಾಗುವುದು ಉಚಿತ ನೇತ್ರ ಶಿಬಿರ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರು ದಶಕಗಳ ಕಾಲ ಊರೂರು ತಿರುಗಿ, ಸಾಲುಸಾಲಾಗಿ ಮಲಗಿಸಿದ ಬಡವರ ಕಣ್ಣಿನ ಪೊರೆ ತೆಗೆದು ಬೆಳಕು ಕೊಟ್ಟ ಕಥೆ ಕರ್ನಾಟಕದಲ್ಲಿ ಯಾರಿಗೆ ತಿಳಿಯದು? ಈಗಲೂ ಪಾವಗಡದಲ್ಲಿ ಸ್ವಾಮಿ ಜಪಾನಂದರ ನೇತೃತ್ವದ ಶ್ರೀ ರಾಮಕೃಷ್ಣ ಸೇವಾಶ್ರಮಕ್ಕೆ ಸೇರಿದ ಶ್ರೀ ಶಾರದಾದೇವಿ ಕಣ್ಣಿನ ಆಸ್ಪತ್ರೆ ಇದೆ. ಎಷ್ಟೋ ಹಳ್ಳಿಗಳ ಜನ ಅಲ್ಲಿ ಪೊರೆ ತೆಗೆಸಿಕೊಂಡಿದ್ದಾರೆ. ಕೋಲು ಹಿಡಿದು ಹೋದ ಮುದುಕಿ ಕೋಲು ಬಿಟ್ಟು ಮನೆಗೆ ಬರುವುದನ್ನು ನಾವು ಕಣ್ಣಾರೆ ಕಂಡವರು. ಇದು ವೈದ್ಯಶಾಸ್ತ್ರದ ದೊಡ್ಡ ಗೆಲವು.

ಆದರೆ ಈ ಗೆಲವು ನಮಗೆ ಒಂದು ಅಭ್ಯಾಸವನ್ನೂ ಕಲಿಸಿಬಿಟ್ಟಿತು. 'ಪೊರೆ ಇನ್ನೂ ಹಣ್ಣಾಗಿಲ್ಲ, ಹಣ್ಣಾಗಲಿ, ಆಮೇಲೆ ನೋಡೋಣ' ಎಂಬುದು ಹಿಂದೆ ಆಸ್ಪತ್ರೆಗಳಲ್ಲಿ ಕೇಳಿಬರುತ್ತಿದ್ದ ಮಾತು. ಈಗ ಪೊರೆಗೂ ಅಷ್ಟು ಕಾಯಬೇಕಾಗಿಲ್ಲ. ಆದರೂ ಆ ಮಾತು ಜನರ ಮನಸ್ಸಿನಲ್ಲಿ ಬೇರೂರಿದೆ. ಕಣ್ಣು ಮಂಜಾದರೆ ಡಾಕ್ಟರಲ್ಲಿಗೆ ಹೋಗೋಣ, ಹೋದರೆ ಸರಿಹೋಗುತ್ತದೆ, ಅಲ್ಲಿಯವರೆಗೆ ಚಿಂತೆಯೇಕೆ? ಪೊರೆಯ ಮಟ್ಟಿಗೆ ಈ ಲೆಕ್ಕಾಚಾರ ಅಷ್ಟೇನೂ ತಪ್ಪಲ್ಲ. ಮಧುಮೇಹದಿಂದ ಬರುವ ಕಣ್ಣಿನ ರೋಗದಲ್ಲಿ ಇದೇ ಲೆಕ್ಕ ಮನುಷ್ಯನನ್ನು ಕುರುಡನನ್ನಾಗಿ ಮಾಡುತ್ತದೆ. ಏಕೆಂದರೆ ಅಲ್ಲಿ ಕಣ್ಣು ಮಂಜಾಗುವ ಹೊತ್ತಿಗೆ ಚಿಕಿತ್ಸೆಯ ಅತ್ಯುತ್ತಮ ಕಾಲ ಕಳೆದುಹೋಗಿರಬಹುದು.

ಹೀಗೇಕಾಗುತ್ತದೆ ಎಂಬುದನ್ನು ನಮ್ಮ ಹೊಲದ ಉದಾಹರಣೆಯಿಂದಲೇ ತಿಳಿಯಬಹುದು. ನೀರಿನ ಅಭಾವವಿರುವ ಪಾವಗಡ, ಶಿರಾದ ಕಡೆಯ ತೋಟಗಳಲ್ಲಿ ಹನಿ ನೀರಾವರಿಯ ಸಣ್ಣ ಕೊಳವೆಗಳನ್ನು ನೀವು ನೋಡಿದ್ದೀರಿ. ಕಣ್ಣಿನ ಒಳಗೋಡೆಗೆ ಹಾಸಿದಂತೆ ಒಂದು ತೆಳ್ಳನೆಯ ಪರದೆಯಿದೆ. ಅದಕ್ಕೆ ಅಕ್ಷಿಪಟ ಎಂದು ಹೆಸರು. ಡಾಕ್ಟರುಗಳು ರೆಟಿನಾ ಎನ್ನುತ್ತಾರೆ. ಹೊರಗಿನ ಬೆಳಕು ಚಿತ್ರವಾಗಿ ಮೂಡುವುದು ಅದರ ಮೇಲೆ. ಅದಕ್ಕೆ ಆಹಾರ ಒದಗಿಸುವುದು ಕೂದಲಿಗಿಂತ ಸೂಕ್ಷ್ಮವಾದ ರಕ್ತನಾಳಗಳು. ವರ್ಷಗಟ್ಟಲೆ ರಕ್ತದಲ್ಲಿ ಸಕ್ಕರೆ ಹೆಚ್ಚಾಗಿದ್ದರೆ ಈ ನಾಳಗಳ ಗೋಡೆ ಸಡಿಲವಾಗುತ್ತದೆ. ಅಲ್ಲಲ್ಲಿ ಸಾಸುವೆಗಿಂತ ಎಷ್ಟೋ ಸಣ್ಣ ಗುಳ್ಳೆಗಳಂತೆ ಉಬ್ಬುತ್ತದೆ. ಕೆಲವು ಕಡೆ ರಕ್ತವೂ ಕೊಬ್ಬಿನಂಶವೂ ಸೋರುತ್ತವೆ. ಕೆಲವು ಕಡೆ ನಾಳ ಕಟ್ಟಿಹೋಗುತ್ತದೆ. ಕೊಳವೆ ಕಟ್ಟಿದ ಕಡೆ ಗಿಡ ಬಾಡುವಂತೆ ಅಕ್ಷಿಪಟದ ಆ ಭಾಗ ಹಸಿದು ಕಂಗೆಡುತ್ತದೆ. ಹಸಿವು ತಾಳದೆ ಅದು ಹೊಸ ನಾಳಗಳನ್ನು ಬೆಳೆಸಿಕೊಳ್ಳಲು ಹೊರಡುತ್ತದೆ. ಆ ಹೊಸ ನಾಳಗಳು ಕಳೆಯಂತೆ ಬೇಕಾಬಿಟ್ಟಿ ಬೆಳೆಯುತ್ತವೆ, ಬಹು ದುರ್ಬಲವಾಗಿರುತ್ತವೆ. ಒಂದು ದಿನ ಒಡೆದು ಕಣ್ಣಿನೊಳಗೆಲ್ಲ ರಕ್ತ ತುಂಬಿಕೊಳ್ಳಬಹುದು. ಇಲ್ಲವೆ ಅವುಗಳ ಜೊತೆ ಬೆಳೆದ ನಾರು ಅಕ್ಷಿಪಟವನ್ನೇ ಎಳೆದು ಕಿತ್ತುಬಿಡಬಹುದು.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಮೊದಲಿನ ಗುಳ್ಳೆಯಿಂದ ಹಿಡಿದು ಈ ಕೊನೆಯ ಅನಾಹುತದವರೆಗೆ ವರ್ಷಗಳೇ ಹಿಡಿಯುತ್ತವೆ. ಆ ವರ್ಷಗಳಲ್ಲಿ ನೋವಿಲ್ಲ, ಉರಿಯಿಲ್ಲ, ಕೆಂಪಿಲ್ಲ. ದೃಷ್ಟಿಯ ನಡುಬಿಂದುವಿಗೆ ಸೋರಿಕೆ ತಲುಪದಿದ್ದರೆ ಮಂಜೂ ಇಲ್ಲ. ಗೋಡೆಗೆ ತೂಗುಹಾಕಿದ ಅಕ್ಷರಗಳ ಹಲಗೆಯನ್ನು ಕೊನೆಯ ಸಾಲಿನವರೆಗೂ ಓದಿ, 'ನನ್ನ ಕಣ್ಣಿಗೆ ಏನಾಗಿದೆ?' ಎಂದು ನಗುತ್ತ ಮನೆಗೆ ಹೋಗುವವರ ಕಣ್ಣಿನ ಹಿಂಭಾಗದಲ್ಲಿ ರೋಗ ಬಲಿಯುತ್ತಿರಬಹುದು.

ಹಾಗಾದರೆ ಅದನ್ನು ನೋಡುವುದೆಂತು? ಜೀವಂತ ಮನುಷ್ಯನ ಅಕ್ಷಿಪಟವನ್ನು ಹೊರಗಿನಿಂದ ನೋಡಬಲ್ಲ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಎಂಬ ವಿಜ್ಞಾನಿ ೧೮೫೧ರಲ್ಲಿ ಪ್ರಕಟಿಸಿದ. ಕಾಲಕ್ರಮದಲ್ಲಿ ಅಕ್ಷಿಪಟದ ಛಾಯಾಚಿತ್ರ ತೆಗೆಯುವ ಕ್ಯಾಮೆರಾಗಳೂ ಬಂದವು. ಚಿಕಿತ್ಸೆಯ ಕಥೆ ಇನ್ನೂ ಸ್ವಾರಸ್ಯವಾದುದು. ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಿದವರ ಅಕ್ಷಿಪಟ ಸುಟ್ಟು ಕಲೆಯಾಗುವುದನ್ನು ಗಮನಿಸಿದ ಮೇಯರ್ ಶ್ವಿಕೆರಾಟ್ ಎಂಬ ಜರ್ಮನ್ ವೈದ್ಯ, ಕಣ್ಣನ್ನು ಕೆಡಿಸುವ ಆ ಬೆಳಕನ್ನೇ ಹದವರಿತು ಬಳಸಿದರೆ ಕಣ್ಣನ್ನು ಕಾಪಾಡಬಹುದಲ್ಲವೆ ಎಂದು ಯೋಚಿಸಿದ. ೧೯೪೦ರ ದಶಕದ ಕೊನೆಯಲ್ಲಿ ಬಿಸಿಲನ್ನೇ ಕನ್ನಡಿಗಳಿಂದ ಹಾಯಿಸಿ ಚಿಕಿತ್ಸೆ ಮಾಡಿದ. ಬಿಸಿಲಿನ ಸ್ಥಾನಕ್ಕೆ ಮುಂದೆ ದೀಪ ಬಂತು, ದೀಪದ ಸ್ಥಾನಕ್ಕೆ ಲೇಸರ್ ಕಿರಣ ಬಂತು. ಬಿಸಿಲಿನಿಂದ ವಿದ್ಯುತ್ತು ತೆಗೆಯುವ ದೊಡ್ಡ ಸೌರ ಉದ್ಯಾನವನ್ನು ೨೦೧೮ರಲ್ಲಿ ಕಂಡ ಪಾವಗಡದವರಿಗೆ, ಬಿಸಿಲಿನಿಂದ ಕಣ್ಣಿನ ಚಿಕಿತ್ಸೆ ಎಂದರೆ ನಂಬಲು ಕಷ್ಟವಾಗಲಾರದು.

ಈ ಚಿಕಿತ್ಸೆಯಿಂದ ಪ್ರಯೋಜನವುಂಟೆಂಬುದು ಬರಿಯ ನಂಬಿಕೆಯಲ್ಲ. ಕಾಲಕ್ಕೆ ಸರಿಯಾಗಿ ಇದನ್ನು ಮಾಡಿದರೆ, ರೋಗ ಮುಂದುವರಿದ ಕಣ್ಣುಗಳಲ್ಲಿ ದೃಷ್ಟಿ ತೀವ್ರವಾಗಿ ಹೋಗುವ ಅಪಾಯ ಅರ್ಧಕ್ಕೂ ಕೆಳಗೆ ಇಳಿಯುವುದೆಂದು ಅಮೆರಿಕದ ದೊಡ್ಡ ಪರೀಕ್ಷೆಯೊಂದು ೧೯೭೬ರಲ್ಲಿಯೇ ತೋರಿಸಿತು. ನಡುಬಿಂದುವಿನ ಬಾವಿಗೂ ಲೇಸರ್ ಫಲಕಾರಿಯೆಂದು ೧೯೮೫ರಲ್ಲಿ ತಿಳಿಯಿತು. ಈಗ ಅದಕ್ಕೆ ಕಣ್ಣಿನೊಳಗೆ ಕೊಡುವ ಚುಚ್ಚುಮದ್ದುಗಳೂ ಬಂದಿವೆ. ಆದರೆ ಇವೆಲ್ಲವೂ ಮುಖ್ಯವಾಗಿ ಇರುವ ದೃಷ್ಟಿಯನ್ನು ಉಳಿಸುವ ಉಪಾಯಗಳು. ಚುಚ್ಚುಮದ್ದಿನಿಂದ ಕೆಲವರಿಗೆ ಸ್ವಲ್ಪ ದೃಷ್ಟಿ ಮರಳುವುದುಂಟು; ಹೋದುದನ್ನು ಪೂರ್ತಿಯಾಗಿ ತಂದುಕೊಡುವುದು ಅಪರೂಪ. ಪೊರೆಗೂ ಇದಕ್ಕೂ ಇರುವ ವ್ಯತ್ಯಾಸವೇ ಇದು.

ಚಿಕಿತ್ಸೆ ಇದೆ. ಕಾಲಾವಕಾಶವೂ ಇದೆ. ಹಾಗಿದ್ದೂ ಜನ ದೃಷ್ಟಿ ಕಳೆದುಕೊಳ್ಳುವುದೇಕೆ? ನೋಡುವವರು ಕಡಮೆ, ನೋಡಿಸಿಕೊಳ್ಳಬೇಕಾದವರು ಬಹಳ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ಸಮೀಕ್ಷೆ ೨೦೨೩ರಲ್ಲಿ ಪ್ರಕಟವಾಯಿತು. ನಮ್ಮ ದೇಶದಲ್ಲಿ ಸುಮಾರು ೧೦ ಕೋಟಿ ಮಂದಿಗೆ ಮಧುಮೇಹವಿದೆ ಎಂಬುದು ಅದರ ಲೆಕ್ಕ. ೨೦೨೨ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯ ಪ್ರಕಾರ, ೪೦ ವರ್ಷ ದಾಟಿದ ನೂರು ಮಧುಮೇಹಿಗಳಲ್ಲಿ ೧೨ ಅಥವಾ ೧೩ ಮಂದಿಯ ಅಕ್ಷಿಪಟದಲ್ಲಿ ಈ ರೋಗದ ಗುರುತುಗಳಿರುತ್ತವೆ. ೪ ಮಂದಿಗೆ ದೃಷ್ಟಿಯನ್ನೇ ಕಳೆಯಬಲ್ಲ ಹಂತ ಬಂದಿರುತ್ತದೆ. ಆ ನಾಲ್ವರು ಯಾರೆಂದು ತಿಳಿಯಬೇಕಾದರೆ ನೂರು ಮಂದಿಯನ್ನೂ ವರ್ಷಕ್ಕೊಮ್ಮೆ ನೋಡಬೇಕು.

ಈಗ ನಮ್ಮ ಭೂಪಟವನ್ನು ನೆನೆಯಿರಿ. ಕೊರಟಗೆರೆ ತುಮಕೂರಿಗೆ ಹತ್ತಿರ. ಮಧುಗಿರಿ, ಶಿರಾ ಇನ್ನಷ್ಟು ದೂರ. ಮೂರು ಕಡೆ ಆಂಧ್ರಪ್ರದೇಶ ಸುತ್ತುವರಿದ ಪಾವಗಡವಂತೂ ಜಿಲ್ಲಾ ಕೇಂದ್ರದಿಂದ ನೂರು ಕಿಲೋಮೀಟರಿನಷ್ಟು ದೂರ. ಗಡಿಯ ಹಳ್ಳಿಯೊಂದರಿಂದ ಬಸ್ಸು ಹಿಡಿದು ತುಮಕೂರಿಗೋ ಬೆಂಗಳೂರಿನ ಮಿಂಟೋ ಆಸ್ಪತ್ರೆಗೋ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ, ಜೊತೆಗೆ ಬಂದವರ ಕೂಲಿ, ಬಸ್ಸಿನ ಚಾರ್ಜು, ಹೋಟೆಲಿನ ಊಟ. ಕಣ್ಣು ಚೆನ್ನಾಗಿ ಕಾಣುತ್ತಿರುವ ಮನುಷ್ಯ ಇಷ್ಟೆಲ್ಲ ಖರ್ಚು ಮಾಡಿಕೊಂಡು ಏಕೆ ಹೋದಾನು? ಆದರೆ ಅದೇ ಮನುಷ್ಯ ಮಾತ್ರೆಗಾಗಿ, ಶುಗರು ಪರೀಕ್ಷೆಗಾಗಿ ತಿಂಗಳಿಗೊಮ್ಮೆ ಹತ್ತಿರದ ಆಸ್ಪತ್ರೆಗೆ ಹೋಗಿಯೇ ಹೋಗುತ್ತಾನೆ. ಬೆರಳಿಗೆ ಚುಚ್ಚುವ ಜಾಗದಲ್ಲಿಯೇ ಕಣ್ಣಿನ ಹಿಂಭಾಗವನ್ನೂ ನೋಡುವಂತಿದ್ದರೆ ಎಷ್ಟು ಚೆನ್ನಾಗಿತ್ತು!

ರೋಗಿಯನ್ನು ಕರೆತರುವ ಬದಲು ಚಿತ್ರವನ್ನು ಕಳುಹಿಸುವ ಪದ್ಧತಿ ಕರ್ನಾಟಕಕ್ಕೆ ಹೊಸದಲ್ಲ. ತಿಂಗಳು ತುಂಬದೆ ಹುಟ್ಟಿದ ಕೂಸುಗಳ ಕಣ್ಣಿನ ರೋಗವನ್ನು ಪತ್ತೆಮಾಡಲು ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಲ್ಲಿ ಒಂದು ಕ್ರಮವನ್ನು ಆರಂಭಿಸಿದರು. ತರಬೇತಿ ಪಡೆದ ತಂತ್ರಜ್ಞರು ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸಿನ ಅಕ್ಷಿಪಟದ ಚಿತ್ರ ತೆಗೆಯುವುದು. ಬೆಂಗಳೂರಿನಲ್ಲಿ ಕುಳಿತ ತಜ್ಞರು ಅದನ್ನು ನೋಡಿ ತೀರ್ಮಾನ ಹೇಳುವುದು. ಅದರಿಂದ ಎಷ್ಟೋ ಕೂಸುಗಳ ಕಣ್ಣು ಉಳಿಯಿತು. ಮಧುಮೇಹಿಗಳಿಗೂ ಹೀಗೆಯೇ ಮಾಡಬಹುದು. ಆದರೆ ಹತ್ತು ಕೋಟಿ ಮಂದಿಯ ಎರಡೆರಡು ಕಣ್ಣಿನ ಚಿತ್ರಗಳನ್ನು ಪ್ರತಿ ವರ್ಷವೂ ಓದುವಷ್ಟು ತಜ್ಞರನ್ನು ಎಲ್ಲಿಂದ ತರುವುದು?

ಕೃತಕ ಬುದ್ಧಿಮತ್ತೆ ಎಂಬುದು ಪ್ರವೇಶಿಸುವುದು ಇಲ್ಲಿ. ಹೆಸರು ಕೇಳಿ ಗಾಬರಿಯಾಗಬೇಕಾಗಿಲ್ಲ. ತಾಯಿ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಾಳೆ. ಮಗಳು ಪಕ್ಕದಲ್ಲಿ ಕುಳಿತು ನೋಡುತ್ತಾಳೆ. ಕಲ್ಲೆಂದರೆ ಇಷ್ಟು ದಪ್ಪ, ಇಂಥ ಬಣ್ಣ, ಎಂದು ಯಾರೂ ಸೂತ್ರ ಹೇಳಿಕೊಡುವುದಿಲ್ಲ. 'ಇದು ಕಲ್ಲು, ಇದು ನುಚ್ಚು' ಎಂದು ತಾಯಿ ನೂರು ಸಾರಿ ತೋರಿಸಿದರೆ ಮಗಳ ಕಣ್ಣು ತಾನಾಗಿ ಪಳಗುತ್ತದೆ. ಯಂತ್ರ ಕಲಿಯುವುದೂ ಹೆಚ್ಚುಕಡಮೆ ಹೀಗೆಯೇ. ಲಕ್ಷಾಂತರ ಅಕ್ಷಿಪಟದ ಚಿತ್ರಗಳನ್ನು ಕೊಟ್ಟು, ಇದರಲ್ಲಿ ರೋಗವಿದೆ, ಇದರಲ್ಲಿ ಇಲ್ಲ, ಎಂದು ತಜ್ಞರು ಕೊಟ್ಟ ತೀರ್ಪನ್ನೂ ಜೊತೆಯಲ್ಲಿ ಕೊಡುತ್ತಾರೆ. ಯಂತ್ರ ಊಹಿಸುತ್ತದೆ, ತಪ್ಪುತ್ತದೆ, ತಿದ್ದಿಕೊಳ್ಳುತ್ತದೆ. ಹೀಗೆ ತಿದ್ದಿಕೊಳ್ಳುತ್ತ ಕೊನೆಗೆ ಹೊಸ ಚಿತ್ರವೊಂದನ್ನು ತೋರಿಸಿದಾಗ ಕೆಲವೇ ಕ್ಷಣಗಳಲ್ಲಿ ತನ್ನ ತೀರ್ಪು ಹೇಳಬಲ್ಲದಾಗುತ್ತದೆ.

ಈ ವಿದ್ಯೆಯಲ್ಲಿ ನಮ್ಮ ನಾಡಿನ ಪಾಲೂ ಇದೆ ಎಂದರೆ ನಿಮಗೆ ಸಂತೋಷವಾಗಬಹುದು. ೨೦೧೬ರಲ್ಲಿ ಗೂಗಲ್ ಸಂಸ್ಥೆಯ ಸಂಶೋಧಕರು ಇಂಥ ಕ್ರಮವೊಂದನ್ನು ಪ್ರಕಟಿಸಿ ಲೋಕದ ಗಮನ ಸೆಳೆದರು. ಅದಕ್ಕೆ ಪಾಠ ಹೇಳಲು ಬಳಸಿದ ಚಿತ್ರಗಳ ಸಂಖ್ಯೆ ೧,೨೮,೧೭೫. ಅವನ್ನು ಓದಿ ತೀರ್ಪು ಕೊಟ್ಟ ವೈದ್ಯರು ೫೪ ಮಂದಿ. ಆ ಚಿತ್ರಗಳು ಬಂದದ್ದು ಅಮೆರಿಕದಿಂದ ಹಾಗೂ ಭಾರತದ ಮೂರು ಕಣ್ಣಾಸ್ಪತ್ರೆಗಳಿಂದ. ಆ ಮೂರರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ವೈದ್ಯರ ಓದಿಗೆ ಕಾಯದೆ ತಾನೇ ತೀರ್ಪು ಹೇಳುವ ಇಂಥ ಕ್ರಮವೊಂದಕ್ಕೆ ಅಮೆರಿಕದ ಸರ್ಕಾರ ೨೦೧೮ರ ಏಪ್ರಿಲಿನಲ್ಲಿ ಮೊದಲ ಬಾರಿ ಅನುಮತಿ ನೀಡಿತು. ಅಷ್ಟರಲ್ಲಿ ಬೆಂಗಳೂರಿನಲ್ಲಿಯೇ ಫೋರಸ್, ರೆಮಿಡಿಯೊ ಎಂಬ ಕಂಪನಿಗಳು ಅಕ್ಷಿಪಟದ ಕ್ಯಾಮೆರಾಗಳನ್ನು ಕಡಮೆ ಖರ್ಚಿನಲ್ಲಿ, ಊರಿಂದೂರಿಗೆ ಒಯ್ಯುವಂತೆ ತಯಾರಿಸತೊಡಗಿದ್ದವು. ರೆಮಿಡಿಯೊದವರದು ಮೊಬೈಲು ಫೋನನ್ನೇ ಅಳವಡಿಸಿಕೊಂಡ ಕ್ಯಾಮೆರಾ. ತೀರ್ಪು ಹೇಳುವ ಬುದ್ಧಿಯೂ ಆ ಫೋನಿನೊಳಗೇ ಇರುವುದರಿಂದ ಇಂಟರ್‌ನೆಟ್ಟಿನ ಹಂಗಿಲ್ಲ. ನೆಟ್‌ವರ್ಕಿಗಾಗಿ ಬಂಡೆ ಹತ್ತಿ ನಿಲ್ಲಬೇಕಾದ ಹಳ್ಳಿಗಳಿಗೆ ಇದು ಸಣ್ಣ ಅನುಕೂಲವಲ್ಲ. ಬೆಂಗಳೂರಿನ ಡಯಾಕಾನ್ ಆಸ್ಪತ್ರೆಯಲ್ಲಿ ಒಂಬೈನೂರಷ್ಟು ಮಧುಮೇಹಿಗಳ ಮೇಲೆ ಇದನ್ನು ಪರೀಕ್ಷಿಸಿ ೨೦೨೦ರಲ್ಲಿ ಫಲವನ್ನು ಪ್ರಕಟಿಸಿದರು. ೨೦೨೫ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರದ ಕಡೆಯಿಂದ 'ಮಧುನೇತ್ರ' ಎಂಬ ಹೆಸರಿನ ಇನ್ನೊಂದು ಕ್ರಮ ಹೊರಬಂತು. ದೆಹಲಿಯ ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆಯ ಕಣ್ಣಿನ ಕೇಂದ್ರದವರು ಅದರಲ್ಲಿ ಪಾಲುಗೊಂಡಿದ್ದಾರೆ. ಪ್ರಯೋಗಕ್ಕೆಂದು ಆರಿಸಿದ ಏಳು ಊರುಗಳಲ್ಲಿ ಬೆಂಗಳೂರೂ ಸೇರಿದೆ.

ಪರೀಕ್ಷೆಯ ಫಲವೆಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಬೆಂಗಳೂರಿನ ಆ ಪರೀಕ್ಷೆಯಲ್ಲಿ, ತಜ್ಞರ ಬಳಿಗೆ ಕಳುಹಿಸಲೇಬೇಕಾದ ರೋಗಿಗಳಲ್ಲಿ ನೂರಕ್ಕೆ ೯೩ ಮಂದಿಯನ್ನು ಯಂತ್ರ ಸರಿಯಾಗಿ ಗುರುತಿಸಿತು. ಕಳುಹಿಸಬೇಕಾಗಿಲ್ಲದವರಲ್ಲಿ ನೂರಕ್ಕೆ ೯೨ಕ್ಕಿಂತ ಹೆಚ್ಚು ಮಂದಿಗೆ ಚಿಂತೆಯಿಲ್ಲವೆಂದು ಸರಿಯಾಗಿ ಹೇಳಿತು. ಇದನ್ನು ನಮ್ಮ ಉಪವಿಭಾಗದ ಲೆಕ್ಕಕ್ಕೆ ಇಳಿಸೋಣ. ನಾಲ್ಕು ತಾಲ್ಲೂಕುಗಳಿಂದ ಒಂದು ಸಾವಿರ ಮಧುಮೇಹಿಗಳ ಚಿತ್ರ ತೆಗೆದೆವು, ಅವರಲ್ಲಿ ನೂರು ಮಂದಿಗೆ ಕಳುಹಿಸಬೇಕಾದಷ್ಟು ರೋಗವಿದೆ, ಎಂದು ಇಟ್ಟುಕೊಳ್ಳಿ. ಯಂತ್ರ ಆ ನೂರರಲ್ಲಿ ೯೩ ಮಂದಿಯನ್ನು ಹಿಡಿಯುತ್ತದೆ, ೭ ಮಂದಿಯನ್ನು ಬಿಡುತ್ತದೆ. ಉಳಿದ ಒಂಬೈನೂರರಲ್ಲಿ ಸುಮಾರು ೬೭ ಮಂದಿಯನ್ನು ಕಾರಣವಿಲ್ಲದೆ ಕಳುಹಿಸುತ್ತದೆ. ಆ ಅರವತ್ತೇಳು ಮಂದಿಗೆ ಒಂದು ದಿನದ ತೊಂದರೆ, ನಾಲ್ಕು ದಿನದ ಆತಂಕ. ಡಾಕ್ಟರು ನೋಡಿ ಏನೂ ಇಲ್ಲವೆಂದರೆ ಮನಸ್ಸು ಹಗುರ. ಆದರೆ ಬಿಟ್ಟುಹೋದ ಏಳು ಮಂದಿ? ಅವರಿಗಿರುವ ರಕ್ಷೆ ಒಂದೇ. ಮುಂದಿನ ವರ್ಷ ತಪ್ಪದೆ ಮತ್ತೆ ಬರುವುದು. ರೋಗ ನಿಧಾನವಾಗಿ ಬೆಳೆಯುವುದರಿಂದ ಈ ವರ್ಷ ತಪ್ಪಿಸಿಕೊಂಡದ್ದು ಮುಂದಿನ ವರ್ಷ ಸಿಕ್ಕಿಬೀಳುವ ಸಂಭವ ಹೆಚ್ಚು. ಆದ್ದರಿಂದ 'ಯಂತ್ರ ನೋಡಿ ಏನೂ ಇಲ್ಲ ಎಂದಿತು' ಎಂಬುದು ಜೀವನಪರ್ಯಂತದ ಸರ್ಟಿಫಿಕೇಟಲ್ಲ. ಒಂದು ವರ್ಷದ ರಸೀದಿ.

ಆಸ್ಪತ್ರೆಯ ಒಳ್ಳೆಯ ಕೋಣೆಯಲ್ಲಿ ಗೆದ್ದ ಯಂತ್ರ ಹಳ್ಳಿಯ ಚಿಕಿತ್ಸಾಲಯದಲ್ಲಿಯೂ ಗೆಲ್ಲುತ್ತದೆಂಬ ಭರವಸೆಯಿಲ್ಲ. ಇದಕ್ಕೆ ಥಾಯ್ಲೆಂಡ್ ದೇಶದ ಅನುಭವವೇ ಸಾಕ್ಷಿ. ಅಲ್ಲಿನ ಹನ್ನೊಂದು ಚಿಕಿತ್ಸಾಲಯಗಳಲ್ಲಿ ಗೂಗಲಿನ ಯಂತ್ರವನ್ನು ಬಳಸಿ ನೋಡಿದ ವರದಿ ೨೦೨೦ರಲ್ಲಿ ಬಂತು. ನರ್ಸುಗಳು ತೆಗೆದ ೧,೮೩೮ ಚಿತ್ರಗಳಲ್ಲಿ ನೂರಕ್ಕೆ ೨೧ರಷ್ಟನ್ನು ಯಂತ್ರ ಓದಲಾರೆನೆಂದು ತಿರಸ್ಕರಿಸಿತು. ಕೋಣೆಯಲ್ಲಿ ಕತ್ತಲು ಸಾಲದು, ಪಾಪೆ ಸಾಕಷ್ಟು ಅರಳದು, ಇಂಟರ್‌ನೆಟ್ಟು ನಿಧಾನ, ಹೊರಗೆ ಜನರ ಸಾಲು. ನಮ್ಮ ಕಡೆ ಇವುಗಳ ಜೊತೆಗೆ ವಯಸ್ಸಾದವರ ಕಣ್ಣಿನ ಪೊರೆಯೂ ಅಡ್ಡಬರುತ್ತದೆ. ಪೊರೆ ಬಂದ ಕಣ್ಣಿನೊಳಕ್ಕೆ ಕ್ಯಾಮೆರಾ ಇಣಿಕಿದರೆ ಮಂಜಿನ ಬೆಳಗಿನಲ್ಲಿ ಬೆಟ್ಟ ನೋಡಿದಂತೆ. ಆದುದರಿಂದ 'ಚಿತ್ರ ಸ್ಪಷ್ಟವಾಗಿಲ್ಲ' ಎಂದು ಯಂತ್ರ ಹೇಳಿದರೆ, ಅದನ್ನು 'ಏನೂ ಇಲ್ಲ' ಎಂದು ತಿಳಿಯಬಾರದು. ಕಣ್ಣಿನ ಡಾಕ್ಟರರನ್ನು ಕಾಣಬೇಕೆಂದೇ ಅದರ ಅರ್ಥ. ಇನ್ನೂ ಒಂದು ಮಾತು: ಈ ಯಂತ್ರ ಯಾವ ರೋಗವನ್ನು ಹುಡುಕಲು ಕಲಿತಿದೆಯೋ ಅದನ್ನು ಮಾತ್ರ ಹುಡುಕುತ್ತದೆ. ಕಣ್ಣಿನ ಒತ್ತಡ, ಪೊರೆ, ಕನ್ನಡಕದ ನಂಬರು, ಇವಕ್ಕೆಲ್ಲ ಬೇರೆಯೇ ಪರೀಕ್ಷೆ ಬೇಕು.

ಇಷ್ಟಾದ ಮೇಲೆ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಯಂತ್ರ ರೋಗವನ್ನು ತೋರಿಸುತ್ತದೆ, ವಾಸಿಮಾಡುವುದಿಲ್ಲ. ತೋರಿಸಿದ ಜಾಗದಿಂದ ವಾಸಿಮಾಡುವ ಜಾಗಕ್ಕೆ ಒಂದು ದಾರಿಯಿದೆ. ಆ ದಾರಿಯನ್ನು ಮನುಷ್ಯರೇ ನಡೆಯಬೇಕು.

ಶಿರಾ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಿ. ಅವರಿಗೂ ಅವರ ಹೆಂಡತಿಗೂ ಹತ್ತು ವರ್ಷದಿಂದ ಶುಗರು. ಶಿಬಿರದಲ್ಲಿ ಇಬ್ಬರ ಕಣ್ಣಿನ ಚಿತ್ರವನ್ನೂ ತೆಗೆದು, ಇಬ್ಬರೂ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದು ಚೀಟಿ ಬರೆದುಕೊಟ್ಟರು. ಗೃಹಸ್ಥರು ಸರಕು ತರಲು ತುಮಕೂರಿಗೆ ಹೋದಾಗ ಹಾಗೆಯೇ ಆಸ್ಪತ್ರೆಗೂ ಹೋಗಿ ತೋರಿಸಿಕೊಂಡರು. ಹೆಂಡತಿಯ ಚೀಟಿ ದೇವರ ಗೂಡಿನಲ್ಲಿ ಉಳಿಯಿತು. ಆಶಾ ಕಾರ್ಯಕರ್ತೆ ಬಂದು, 'ಅಮ್ಮಾ, ಹೋಗಿ ಬಂದಿರಾ?' ಎಂದು ಕೇಳಿದರೆ ಆಕೆ ಹೇಳುತ್ತಾರೆ: 'ನಂಗೇನಾಗಿದೆಯಮ್ಮ? ಸೂಜಿಗೆ ದಾರ ಪೋಣಿಸ್ತೀನಿ, ಅಕ್ಕೀಲಿ ಕಲ್ಲು ಆರಿಸ್ತೀನಿ. ಮಗಳ ಬಾಣಂತನ ಮುಗೀಲಿ, ಆಮೇಲೆ ನೋಡೋಣ.' ಬಾಣಂತನ ಮುಗಿಯುತ್ತದೆ, ಹಬ್ಬ ಬರುತ್ತದೆ, ಮದುವೆಯ ಕಾಲ ಬರುತ್ತದೆ. ಕಣ್ಣಿನೊಳಗಿನ ನಾಳಗಳಿಗೆ ಪಂಚಾಂಗ ತಿಳಿಯದು.

ಆ ತಾಯಿಯದು ಉದಾಸೀನವೆಂದು ನಾನು ಹೇಳಲಾರೆ. ಜೊತೆಗೆ ಬರುವವರು ಬೇಕು, ಏಕೆಂದರೆ ಪಾಪೆ ಅರಳಿಸುವ ಔಷಧಿ ಹಾಕಿದ ಮೇಲೆ ಕೆಲವು ಗಂಟೆ ಕಾಲ ಕಣ್ಣು ಮಂಜಾಗಿರುತ್ತದೆ. ಹೋದ ದಿನವೇ ಕೆಲಸ ಮುಗಿಯುವುದೆಂಬ ಭರವಸೆ ಬೇಕು. ಎರಡನೆಯ ಸಾರಿ, ಮೂರನೆಯ ಸಾರಿ ಹೋಗಬೇಕಾದರೆ ಮನೆಯವರ ಒಪ್ಪಿಗೆ ಬೇಕು. ಇವು ಯಾವುವನ್ನೂ ಯಂತ್ರ ಒದಗಿಸಲಾರದು. ಆದುದರಿಂದ ಇಂಥ ಕ್ಯಾಮೆರಾ ನಮ್ಮ ತಾಲ್ಲೂಕುಗಳಲ್ಲಿ ಎಲ್ಲಿಯೇ ಬಳಕೆಗೆ ಬರಲಿ, ನಡೆಸುವವರನ್ನು ನಾವು ಕೇಳಬೇಕಾದ ಪ್ರಶ್ನೆ 'ಎಷ್ಟು ಸಾವಿರ ಚಿತ್ರ ತೆಗೆದಿರಿ?' ಎಂಬುದಲ್ಲ. 'ಹೋಗಬೇಕೆಂದು ಹೇಳಿದವರಲ್ಲಿ ಎಷ್ಟು ಮಂದಿ ಹೋದರು? ಹೋಗದವರ ಮನೆಗೆ ಯಾರು ಹೋದರು?' ಎಂಬುದು. ಮೊದಲನೆಯ ಲೆಕ್ಕ ಫೋನಿನಲ್ಲಿ ತಾನಾಗಿ ಬರುತ್ತದೆ. ಎರಡನೆಯದಕ್ಕೆ ಒಂದು ಪುಸ್ತಕ, ಒಂದು ಪೆನ್ನು, ಬಾಗಿಲು ತಟ್ಟುವ ಒಬ್ಬ ಮನುಷ್ಯರು ಬೇಕು. ಎಷ್ಟು ಜನರ ಕಣ್ಣು ಉಳಿಯಿತೆಂಬುದು ಆ ಪುಸ್ತಕದಿಂದ ತಿಳಿಯುತ್ತದೆ.

ಇನ್ನು ಮನೆಯವರು ಮಾಡಬೇಕಾದುದನ್ನು ಹೇಳಿ ಮುಗಿಸುತ್ತೇನೆ. ದೊಡ್ಡವರಿಗೆ ಬರುವ ಸಾಮಾನ್ಯ ಮಧುಮೇಹ ಎಷ್ಟೋ ಸಾರಿ ತಿಳಿಯುವ ಮೊದಲೇ ವರ್ಷಗಳಿಂದ ಇರುತ್ತದೆ. ಆದ್ದರಿಂದ ರೋಗ ಗೊತ್ತಾದ ವರ್ಷವೇ ಒಂದು ಸಾರಿ ಅಕ್ಷಿಪಟವನ್ನು ತೋರಿಸಬೇಕು, ಆಮೇಲೆ ವರ್ಷಕ್ಕೊಮ್ಮೆ. ಚಿಕ್ಕ ವಯಸ್ಸಿನಲ್ಲಿ ಬಂದು ಇನ್ಸುಲಿನ್ನನ್ನೇ ನಂಬಿರುವವರು ಐದು ವರ್ಷದೊಳಗೆ ಮೊದಲ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮೊದಲೇ ಮಧುಮೇಹವಿದ್ದು ಗರ್ಭಿಣಿಯಾದವರು ಮೊದಲ ಮೂರು ತಿಂಗಳಲ್ಲಿಯೇ ಕಣ್ಣು ತೋರಿಸಬೇಕು. ಆಗ ರೋಗ ಬೇಗ ಮುಂದುವರಿಯುವುದುಂಟು. ಅಕ್ಷರದ ಹಲಗೆ ಓದಿಸಿ ಕನ್ನಡಕ ಕೊಟ್ಟ ಮಾತ್ರಕ್ಕೆ ಕಣ್ಣಿನ ಪರೀಕ್ಷೆ ಮುಗಿಯಿತೆಂದು ತಿಳಿಯಬೇಡಿ. 'ಕಣ್ಣಿನ ಹಿಂದಿನ ಪರದೆ ನೋಡಿದಿರಾ?' ಎಂದು ಕೇಳಿ. ಹಾಗೆ ಕೇಳುವುದು ಅವಿನಯವಲ್ಲ. ಸಕ್ಕರೆಯ ಜೊತೆಗೆ ರಕ್ತದೊತ್ತಡವನ್ನೂ ಹಿಡಿತದಲ್ಲಿಟ್ಟರೆ ಅಕ್ಷಿಪಟದ ಕೇಡು ಕಡಮೆಯಾಗುವುದೆಂದು ಇಂಗ್ಲೆಂಡಿನ ದೀರ್ಘ ಅಧ್ಯಯನವೊಂದು ೧೯೯೮ರಲ್ಲಿಯೇ ತೋರಿಸಿದೆ. ನಮ್ಮ ಕಡೆ ಒಂದು ನಂಬಿಕೆಯಿದೆ. ಅನ್ನ ಬಿಟ್ಟು ಮುದ್ದೆಗೆ ತಿರುಗಿದರೆ ಶುಗರಿನ ಭಯವಿಲ್ಲವೆಂದು. ರಾಗಿ ಒಳ್ಳೆಯ ಧಾನ್ಯ, ಸಂದೇಹವಿಲ್ಲ. ಆದರೆ ಅದರಲ್ಲಿಯೂ ಪಿಷ್ಟವಿದೆ. ಮುದ್ದೆಯ ಗಾತ್ರ ದೊಡ್ಡದಾದರೆ ಸಕ್ಕರೆಯೂ ಏರುತ್ತದೆ.

ಸಕ್ಕರೆ ಪರೀಕ್ಷೆಯ ಚೀಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡಿಡುವುದು ಎಲ್ಲರ ಮನೆಯ ಪದ್ಧತಿ. ಈ ರಾತ್ರಿ ಊಟವಾದ ಮೇಲೆ ಆ ಚೀಲವನ್ನು ತೆಗೆದು ನೋಡಿ. ಮನೆಯಲ್ಲಿ ಎಷ್ಟು ಮಂದಿಗೆ ಶುಗರಿದೆಯೋ ಅಷ್ಟು ಮಂದಿಯ ಹೆಸರಿನಲ್ಲಿಯೂ, ಕಳೆದ ಹನ್ನೆರಡು ತಿಂಗಳಲ್ಲಿ ಅಕ್ಷಿಪಟ ನೋಡಿದ ಒಂದೊಂದು ಚೀಟಿ ಅದರಲ್ಲಿ ಇದೆಯೆ? ಯಜಮಾನರದು ಇದ್ದು ಮನೆಯಾಕೆಯದು ಇಲ್ಲದಿದ್ದರೆ, ಮುಂದಿನ ಬಸ್ಸಿನಲ್ಲಿ ಆಕೆಗೊಂದು, ಜೊತೆಗೆ ಹೋಗುವವರಿಗೊಂದು ಸೀಟು ಹಿಡಿಯಿರಿ. ಪೊರೆಯಂತೆ ಈ ರೋಗ ಹಣ್ಣಾಗಲೆಂದು ಕಾಯಬೇಡಿ. ಕಣ್ಣು ಚೆನ್ನಾಗಿ ಕಾಣುತ್ತಿರುವ ಈ ದಿನಗಳೇ ಅದನ್ನು ತೋರಿಸಿಕೊಳ್ಳಲು ಸರಿಯಾದ ದಿನಗಳು.